ಸದ್ದಿಗೂ ಒಂದು ಗುರುತುಸಂಖ್ಯೆ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿಕೊಂಡ ಲ್ಯಾಪ್‌ಟಾಪ್‌ಗಳನ್ನು ಲಾಟ್ ಲೆಕ್ಕದಲ್ಲಿ ವಿಲೇವಾರಿ ಮಾಡುತ್ತವೆ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಧೂಳು ಒರೆಸಿಕೊಂಡು, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು ಅವು ಡಿಪ್ಲೊಮಾ ಹುಡುಗರ ಕೋಣೆಗೆ, ಟ್ಯೂಷನ್ ಮನೆಗೆ, ಪೀಣ್ಯದ ಸಣ್ಣ ವರ್ಕ್‌ಶಾಪಿನ ಬಿಲ್ಲಿಂಗ್ ಟೇಬಲ್ಲಿಗೆ ಬರುತ್ತವೆ. ಹಳೆಯ ಯಂತ್ರಕ್ಕೆ ಮತ್ತೆ ಲೈಸೆನ್ಸ್ ದುಡ್ಡು ಯಾಕೆ ಎಂದು ಹಲವರು ಲಿನಕ್ಸ್ ಹಾಕಿಕೊಳ್ಳುತ್ತಾರೆ. ಪರದೆ ಬೆಳಗುತ್ತದೆ, ವೈಫೈ ಸಿಗುತ್ತದೆ, ಟಚ್‌ಪ್ಯಾಡ್ ಕೆಲಸ ಮಾಡುತ್ತದೆ. ಹಾಡು ಹಾಕಿದರೆ ಮಾತ್ರ ಸದ್ದಿಲ್ಲ. ಸೌಂಡ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಸ್ಪೀಕರಿನ ಹೆಸರಿರಬೇಕಾದ ಕಡೆ ‘ಡಮ್ಮಿ ಔಟ್‌ಪುಟ್’ ಎಂದು ಬರೆದಿದೆ. ಸದ್ದು ಕಳಿಸಲು ಒಂದೂ ನಿಜವಾದ ಜಾಗ ಸಿಗದಿದ್ದಾಗ ಲಿನಕ್ಸ್ ಸುಮ್ಮನೆ ತೋರಿಸುವ ಹೆಸರು ಅದು.

ಅದೇ ಲ್ಯಾಪ್‌ಟಾಪಿಗೆ ಫುಟ್‌ಪಾತಿನಲ್ಲಿ ಕೊಂಡ, ಯಾವ ಕಂಪನಿಯದೆಂದೂ ಗೊತ್ತಿಲ್ಲದ ಯುಎಸ್‌ಬಿ ಹೆಡ್‌ಸೆಟ್ ಸಿಕ್ಕಿಸಿದರೆ ಎರಡು ಸೆಕೆಂಡಿನಲ್ಲಿ ಹಾಡು ಕೇಳಿಸುತ್ತದೆ. ಸಿಡಿ ಬೇಡ, ಡೌನ್‌ಲೋಡ್ ಬೇಡ. ದೊಡ್ಡ ಕಂಪನಿಯೊಂದು ಪರೀಕ್ಷಿಸಿ ಒಳಗೆ ಕೂರಿಸಿದ ಸ್ಪೀಕರ್ ಸಿಗಲಿಲ್ಲ. ಹೆಸರಿಲ್ಲದ ಹೆಡ್‌ಸೆಟ್ ಸಿಕ್ಕಿತು. ಈ ವಿಚಿತ್ರವನ್ನು ಕಂಡವರು ಬಹಳ ಮಂದಿ. ಹಳೆಯ ಯಂತ್ರದ ಹಾರ್ಡ್‌ವೇರ್ ಹಾಳಾಗಿದೆ ಎಂದುಕೊಂಡು ಸ್ಪೀಕರ್ ಬದಲಾಯಿಸಲು ಹೊರಟವರೂ ಇದ್ದಾರೆ. ಸ್ಪೀಕರ್ ಚೆನ್ನಾಗಿಯೇ ಇರುತ್ತದೆ. ತೊಡಕಿರುವುದು ಗುರುತಿನಲ್ಲಿ.

ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೌಂಡ್ ಕಾರ್ಡ್ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅದಕ್ಕೆ ಸಿಗುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಎಲ್ಲಿ ಬರೆದಿದೆ, ಅದನ್ನು ಯಾರು ಬರೆದರು, ಅದಕ್ಕೆ ಹೊಂದುವ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಯಾವ ಪಟ್ಟಿಯಲ್ಲಿದೆ ಎಂಬುದೇ ಈ ಅಧ್ಯಾಯದ ವಿಷಯ.

220ನೆಯ ವಿಳಾಸ

ಸಂಖ್ಯೆಯೇ ಇಲ್ಲದ ಕಾಲವೂ ಇತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡನ್ನು ತಂದಾಗ ಅದರ ಮೇಲೆ ಜಂಪರ್ ಪಿನ್ನುಗಳಿದ್ದವು. ಕಾರ್ಡು ಯಾವ ವಿಳಾಸದಲ್ಲಿ ಮಾತಾಡಬೇಕು, ಪ್ರೊಸೆಸರನ್ನು ಯಾವ ಗೆರೆಯ ಮೂಲಕ ಎಚ್ಚರಿಸಬೇಕು ಎಂಬುದನ್ನು ಕೊಂಡವರೇ ಜಂಪರ್ ಸರಿಸಿ ತೀರ್ಮಾನಿಸಬೇಕಿತ್ತು. ಸಾಮಾನ್ಯವಾಗಿ ವಿಳಾಸ 220, ಗೆರೆ 5 ಅಥವಾ 7. ಫಿನ್ಲೆಂಡಿನ ಹನ್ನು ಸವೊಲೈನೆನ್ 1992ರಲ್ಲಿ ಲಿನಕ್ಸಿಗೆ ಈ ಕಾರ್ಡಿನ ಡ್ರೈವರ್ ಬರೆದರು. ಆಗ ಲಿನಕ್ಸಿಗೆ ಒಂದೇ ವರ್ಷ. ಕರ್ನಲ್ ಕಟ್ಟಿಕೊಳ್ಳುವವರು ತಮ್ಮ ಕಾರ್ಡಿನ ವಿಳಾಸ ಎಷ್ಟು, ಗೆರೆ ಎಷ್ಟು ಎಂಬ ಪ್ರಶ್ನೆಗಳಿಗೆ ತಾವೇ ಉತ್ತರ ತುಂಬುತ್ತಿದ್ದರು.

ಕಾರ್ಡು ಅಲ್ಲಿ ನಿಜವಾಗಿ ಇದೆಯೇ ಎಂದು ಡ್ರೈವರ್ ಖಚಿತಪಡಿಸಿಕೊಳ್ಳುತ್ತಿದ್ದ ಬಗೆ ನೋಡಿ. 226ನೆಯ ವಿಳಾಸಕ್ಕೆ 1 ಎಂದು ಬರೆಯುವುದು. ಮೂರು ಮೈಕ್ರೊಸೆಕೆಂಡ್ ಕಾಯುವುದು. ಅಲ್ಲಿಗೇ 0 ಬರೆಯುವುದು. ಆಮೇಲೆ 22ಎ ವಿಳಾಸವನ್ನು ಓದುವುದು. ಅಲ್ಲಿ ಹದಿನಾರರ ಲೆಕ್ಕದ ‘ಎಎ’ ಸಿಕ್ಕರೆ ಇದು ಸೌಂಡ್ ಬ್ಲಾಸ್ಟರ್. ತಾನಾಗಿ ಹುಡುಕುವುದಾದರೆ, ಸಿಗದಿದ್ದಾಗ ಇನ್ನೊಂದು ವಿಳಾಸದಲ್ಲಿ ಮತ್ತೆ ಅದೇ ಪ್ರಯತ್ನ ಮಾಡಬೇಕಿತ್ತು.

ಇದರಲ್ಲಿ ಅಪಾಯವಿದ್ದದ್ದು ‘ಬರೆಯುವುದು’ ಎಂಬಲ್ಲಿ. 226ರಲ್ಲಿ ಸೌಂಡ್ ಕಾರ್ಡಿನ ಬದಲು ಬೇರೆ ಯಾವುದೋ ಕಾರ್ಡ್ ಕೂತಿದ್ದರೆ, ಅದಕ್ಕೆ ‘1’ ಎಂದರೆ ಏನರ್ಥವೋ ಬಲ್ಲವರಾರು? ಎಷ್ಟೋ ಸಲ ಕಂಪ್ಯೂಟರ್ ಅಲ್ಲಿಗೇ ನಿಂತುಬಿಡುತ್ತಿತ್ತು. ಹಾಗಾಗಿ ಅಂದಿನ ಲಿನಕ್ಸ್ ತಾನಾಗಿ ಹುಡುಕಲು ಹಿಂಜರಿದು ಬಳಕೆದಾರರನ್ನೇ ಕೇಳುತ್ತಿತ್ತು. ಲಿನಕ್ಸಿನಲ್ಲಿ ಸದ್ದು ಬರಿಸುವುದು ಕಷ್ಟ ಎಂಬ ಹೆಸರು ಅಂಟಿಕೊಂಡದ್ದು ಆ ದಿನಗಳಲ್ಲಿ. ನನ್ನ ಪ್ರಕಾರ ಆ ದೂರಿನ ಬಹುಪಾಲು ಸಲ್ಲಬೇಕಾದ್ದು ಅಂದಿನ ಕಾರ್ಡುಗಳಿಗೆ. ತಾನು ಯಾರೆಂದು ಹೇಳಲು ಬಾರದ ವಸ್ತುವನ್ನು ಯಾವ ತಂತ್ರಾಂಶ ತಾನೇ ಗುರುತಿಸೀತು?

ಪೀಣ್ಯದ ಸ್ಟೋರಿನಲ್ಲಿ

ಪೀಣ್ಯದ ಯಾವುದೇ ಕಾರ್ಖಾನೆಯ ಗೇಟಿಗೆ ಮಾಲು ಬಂದಾಗ ಸ್ಟೋರ್ ಕೀಪರ್ ಡಬ್ಬ ಒಡೆದು ಇದು ಬುಷ್ಷೋ ಬೇರಿಂಗೋ ಎಂದು ತಿರುಗಿಸಿ ನೋಡುತ್ತ ಕೂರುವುದಿಲ್ಲ. ಡೆಲಿವರಿ ಚಲನ್‌ನಲ್ಲಿ ಸಪ್ಲೈಯರ್ ಕೋಡ್ ಇದೆ, ಪಾರ್ಟ್ ನಂಬರ್ ಇದೆ. ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದುಕೊಂಡು, ಈ ನಂಬರು ಯಾವ ಸೆಕ್ಷನ್ನಿನದೆಂದು ಪಟ್ಟಿ ನೋಡಿ ಅಲ್ಲಿಗೆ ಕಳಿಸುತ್ತಾರೆ. ಆ ಪಾರ್ಟಿನಿಂದ ಏನು ಮಾಡಬೇಕೆಂಬುದು ಸೆಕ್ಷನ್ನಿನವರಿಗೆ ಗೊತ್ತು, ಸ್ಟೋರಿನವರಿಗೆ ಗೊತ್ತಿರಬೇಕಾಗಿಲ್ಲ.

ಇಂಟೆಲ್ 1992ರಲ್ಲಿ ರೂಪಿಸಿದ ಪಿಸಿಐ ಎಂಬ ಜೋಡಣೆ ಕಂಪ್ಯೂಟರಿನೊಳಗೆ ತಂದದ್ದು ಇದೇ ಶಿಸ್ತನ್ನು. ಪ್ರತಿ ಪಿಸಿಐ ಸಾಧನವೂ ತನ್ನ ಬಗ್ಗೆ 256 ಬೈಟ್‌ಗಳ ಒಂದು ಪುಟ್ಟ ದಾಖಲೆ ಇಟ್ಟುಕೊಂಡಿರುತ್ತದೆ. ಅದರ ಮೊದಲ ಎರಡು ಬೈಟ್ ತಯಾರಕರ ಸಂಖ್ಯೆ, ಮುಂದಿನೆರಡು ಬೈಟಿನಲ್ಲಿ ಸಾಧನದ ಸಂಖ್ಯೆ. ಎರಡು ಬೈಟಿನಲ್ಲಿ 65,536 ಬೇರೆ ಬೇರೆ ಸಂಖ್ಯೆಗಳು ಹಿಡಿಯುತ್ತವೆ. ಇಂಟೆಲ್ ತನಗೆ ಆರಿಸಿಕೊಂಡದ್ದು 8086. 1978ರ ಅದರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ. ಕ್ರಿಯೇಟಿವ್‌ನ ಸಂಖ್ಯೆ 1102. ನಾವು ಮಾತಾಡುತ್ತಿರುವ ಲ್ಯಾಪ್‌ಟಾಪ್ ಇಂಟೆಲ್‌ನ ಹತ್ತನೇ ತಲೆಮಾರಿನ ‘ಕಾಮೆಟ್ ಲೇಕ್’ ಚಿಪ್ಪಿನದು ಎಂದಿಟ್ಟುಕೊಳ್ಳೋಣ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂಬ ಆದೇಶ ಕೊಟ್ಟು ಸಂಖ್ಯೆಗಳನ್ನೂ ತೋರಿಸೆಂದರೆ, ಧ್ವನಿಯ ಸಾಲಿನಲ್ಲಿ 8086:02ಸಿ8 ಎಂದು ಕಾಣುತ್ತದೆ.

ಹುಡುಕುವ ಕೆಲಸವೂ ಈಗ ನಿರಪಾಯ. ಒಂದು ಕಂಪ್ಯೂಟರಿನಲ್ಲಿ 256 ಮಾರ್ಗಗಳು, ಮಾರ್ಗಕ್ಕೆ 32 ಜಾಗ, ಜಾಗಕ್ಕೆ 8 ಉಪಸಾಧನ ಇರಲು ಅವಕಾಶವಿದೆ. ಕಂಪ್ಯೂಟರ್ ಶುರುವಾದ ಕೂಡಲೆ ಕರ್ನಲ್ ಇವನ್ನು ಕ್ರಮವಾಗಿ ನೋಡುತ್ತಾ ಮೊದಲೆರಡು ಬೈಟನ್ನು ಕೇಳುತ್ತದೆ. ಯಾರೂ ಇಲ್ಲದ ಜಾಗದಿಂದ ‘ಎಫ್‌ಎಫ್‌ಎಫ್‌ಎಫ್’ ಬರುತ್ತದೆ. ಆ ಸಂಖ್ಯೆಯನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಯಾರು ಎಂದು ಕೇಳಲು ಇಲ್ಲಿ ಏನನ್ನೂ ಬರೆಯಬೇಕಿಲ್ಲ, ಓದಿದರಾಯಿತು. ಓದಿದ್ದರಿಂದ ಯಾವ ಕಾರ್ಡೂ ಕೆಡುವುದಿಲ್ಲ.

ಇನ್ನು ಹೊಂದಿಸುವುದು. ಡ್ರೈವರ್ ಬರೆದವರು ತಮ್ಮ ಡ್ರೈವರಿನೊಳಗೇ ಒಂದು ಪಟ್ಟಿ ಇಟ್ಟಿರುತ್ತಾರೆ: ಈ ಈ ಸಂಖ್ಯೆಯ ಸಾಧನಗಳನ್ನು ನಾನು ನಡೆಸಬಲ್ಲೆ ಎಂದು. ಉಬುಂಟು, ಡೆಬಿಯನ್ ಮುಂತಾದವರು ಕರ್ನಲ್ ಸಿದ್ಧಪಡಿಸುವಾಗ ಸಾವಿರಾರು ಡ್ರೈವರುಗಳ ಪಟ್ಟಿಗಳೆಲ್ಲ ಒಂದೇ ಕಡತಕ್ಕೆ ಸೇರುತ್ತವೆ. ‘ಮಾಡ್ಯೂಲ್ಸ್.ಅಲಿಯಾಸ್’ ಎಂಬ ಆ ಕಡತ ಪ್ರತಿ ಲಿನಕ್ಸ್ ಕಂಪ್ಯೂಟರಿನಲ್ಲೂ ಇದೆ, ಯಾರು ಬೇಕಾದರೂ ತೆರೆದು ಓದಬಹುದು. ಒಂದೊಂದು ಸಾಲಿನಲ್ಲೂ ಎಡಕ್ಕೆ ಸಂಖ್ಯೆ, ಬಲಕ್ಕೆ ಡ್ರೈವರಿನ ಹೆಸರು. ಯಾವ ಅಂಕಿಯಾದರೂ ಪರವಾಗಿಲ್ಲ ಎನ್ನುವ ಕಡೆ ನಕ್ಷತ್ರ ಚಿಹ್ನೆ.

ಕರ್ನಲ್ ಹೊಸ ಸಾಧನ ಕಂಡಾಗ ಅದರ ಸಂಖ್ಯೆಗಳನ್ನೆಲ್ಲ ಒಂದೇ ಸಾಲಾಗಿ ಪೋಣಿಸಿ ಹೊರಗೆ ಕೂಗಿ ಹೇಳುತ್ತದೆ: ಮಾರ್ಗ ಪಿಸಿಐ, ತಯಾರಕರು 8086, ಸಾಧನ 02ಸಿ8, ಬೋರ್ಡಿನವರು ಇಂಥವರು, ವರ್ಗ 04. ವರ್ಗ 04 ಎಂದರೆ ಮಲ್ಟಿಮೀಡಿಯಾ. ಇದನ್ನು ಕೇಳಿಸಿಕೊಳ್ಳಲು ‘ಯುಡೆವ್’ ಎಂಬ ಕಾವಲು ತಂತ್ರಾಂಶ ಸದಾ ಕಾದಿರುತ್ತದೆ. ಗ್ರೆಗ್ ಕ್ರೋ-ಹಾರ್ಟ್‌ಮನ್ 2003ರಲ್ಲಿ ಅದನ್ನು ಆರಂಭಿಸಿದರು. ಅದು ಆ ಸಾಲನ್ನು ಪಟ್ಟಿಯೊಡನೆ ಹೋಲಿಸಿ ಹೊಂದುವ ಡ್ರೈವರನ್ನು ಡಿಸ್ಕಿನಿಂದ ಎತ್ತಿ ಕರ್ನಲ್‌ಗೆ ಸೇರಿಸುತ್ತದೆ. ಡ್ರೈವರ್ ಬಂದ ಮೇಲೆ ಕರ್ನಲ್ ಅದಕ್ಕೆ ಸಾಧನವನ್ನು ತೋರಿಸಿ, ಇದು ನಿನ್ನದೇ, ಪರೀಕ್ಷಿಸಿಕೋ ಎನ್ನುತ್ತದೆ. ಈ ಕೊನೆಯ ಪರೀಕ್ಷೆಗೆ ‘ಪ್ರೋಬ್’ ಎಂದು ಹೆಸರು. ಪಟ್ಟಿಯಲ್ಲಿ ಸಂಖ್ಯೆ ಹೊಂದಿದ ಮೇಲೂ ಪ್ರೋಬ್‌ನಲ್ಲಿ ಡ್ರೈವರ್ ‘ಒಲ್ಲೆ’ ಎನ್ನಬಹುದು. ಈ ಮಾತನ್ನು ನೆನಪಿಡಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಆದದ್ದು ಅದೇ.

ಹೆಸರಿಲ್ಲದ ಹೆಡ್‌ಸೆಟ್

ಯುಎಸ್‌ಬಿ ಹೆಡ್‌ಸೆಟ್ಟಿಗೂ ತಯಾರಕರ ಸಂಖ್ಯೆ, ವಸ್ತುವಿನ ಸಂಖ್ಯೆ ಇವೆ. ಸಿಕ್ಕಿಸಿದ ಕ್ಷಣ ಅದರ ಒಂದು ತಂತಿಯಲ್ಲಿರುವ 1.5 ಕಿಲೊ-ಓಮ್ ರೆಸಿಸ್ಟರ್ ಆ ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಯಾರೋ ಬಂದರು ಎಂದು ಕಂಪ್ಯೂಟರಿಗೆ ತಿಳಿಯುವುದು ಅದರಿಂದ. ಕೂಡಲೆ ಅದಕ್ಕೊಂದು ವಿಳಾಸ ಕೊಟ್ಟು, 18 ಬೈಟ್‌ಗಳ ಪರಿಚಯಪತ್ರ ಕೇಳುತ್ತದೆ.

ಆದರೆ ಯುಎಸ್‌ಬಿ ಸಂಘದವರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಧ್ವನಿಯ ಸಾಧನಗಳೆಲ್ಲ ಹೇಗೆ ನಡೆದುಕೊಳ್ಳಬೇಕು, ದನಿ ಹೆಚ್ಚಿಸೆಂದರೆ ಯಾವ ಸಂದೇಶಕ್ಕೆ ಓಗೊಡಬೇಕು ಎಂದು ಒಂದೇ ನಿಯಮಾವಳಿ ಬರೆದು ಅದಕ್ಕೆ ವರ್ಗ 01 ಎಂದು ಸಂಖ್ಯೆ ಕೊಟ್ಟರು. ಲಿನಕ್ಸಿನ ಯುಎಸ್‌ಬಿ ಧ್ವನಿ ಡ್ರೈವರಿನ ಪಟ್ಟಿಯಲ್ಲಿ ಒಂದು ಸಾಲು ಹೀಗಿದೆ: ತಯಾರಕರು ಯಾರಾದರೂ ಸರಿ, ವಸ್ತು ಯಾವುದಾದರೂ ಸರಿ, ವರ್ಗ 01 ಆಗಿದ್ದರೆ ನನ್ನದು. ಹೆಡ್‌ಸೆಟ್ ಮಾಡಿದ ಕಂಪನಿ ಲಿನಕ್ಸ್ ಎಂಬ ಹೆಸರನ್ನೇ ಕೇಳಿರದಿದ್ದರೂ ಅದು ಕೆಲಸ ಮಾಡುವುದು ಆ ಒಂದು ಸಾಲಿನಿಂದ.

ಒಂದು ಸಂಖ್ಯೆ, ಎರಡು ಡ್ರೈವರ್

ಈಗ ಲ್ಯಾಪ್‌ಟಾಪಿನ ಒಳಗಿನ ಸ್ಪೀಕರಿಗೆ ಬರೋಣ. 8086:02ಸಿ8 ಎಂಬ ಸಂಖ್ಯೆ ಲಿನಕ್ಸಿಗೆ ಚೆನ್ನಾಗಿ ಗೊತ್ತು. ತೊಂದರೆಯೆಂದರೆ ಅದನ್ನು ತನ್ನದೆನ್ನುವ ಡ್ರೈವರುಗಳು ಎರಡಿವೆ. ಒಂದು ಹಳೆಯ ‘ಎಚ್‌ಡಿಎ’ ಡ್ರೈವರ್. ಇಂಟೆಲ್ 2004ರಲ್ಲಿ ತಂದ ಹೈ ಡೆಫಿನಿಷನ್ ಆಡಿಯೊ ಎಂಬ ಪದ್ಧತಿಗೆ ಬರೆದದ್ದು. ಇನ್ನೊಂದು ‘ಸೋಫ್’, ಅಂದರೆ ಸೌಂಡ್ ಓಪನ್ ಫರ್ಮ್‌ವೇರ್. 2018ರಲ್ಲಿ ಪ್ರಕಟವಾದ ಯೋಜನೆ.

ಎರಡು ಯಾಕೆ ಬೇಕಾಯಿತು? ಈಚಿನ ಲ್ಯಾಪ್‌ಟಾಪ್‌ಗಳ ಪರದೆಯ ಅಂಚಿನಲ್ಲಿರುವ ಡಿಜಿಟಲ್ ಮೈಕುಗಳ ತಂತಿ ಹಳೆಯ ದಾರಿಯಲ್ಲಿ ಹೋಗದೆ ನೇರವಾಗಿ ಇಂಟೆಲ್ ಚಿಪ್ಪಿನೊಳಗಿರುವ ಪುಟ್ಟ ಧ್ವನಿ-ಪ್ರೊಸೆಸರಿಗೆ ಹೋಗುತ್ತದೆ. ಹಳೆಯ ಡ್ರೈವರಿಗೆ ಆ ಪ್ರೊಸೆಸರನ್ನು ನಡೆಸಲು ಬಾರದು. ಸೋಫ್‌ಗೆ ಬರುತ್ತದೆ. ಆದರೆ ಸೋಫ್ ಆ ಪ್ರೊಸೆಸರಿನೊಳಗೆ ತುಂಬಲು ಒಂದು ಪ್ರತ್ಯೇಕ ಫರ್ಮ್‌ವೇರ್ ಕಡತ ಬೇಡುತ್ತದೆ.

ಯಾರು ನಡೆಸಬೇಕೆಂಬುದನ್ನು ಕರ್ನಲ್ ತೀರ್ಮಾನಿಸುವುದು ಯಂತ್ರದೊಡನೆ ಬರುವ ಮೂಲ ತಂತ್ರಾಂಶವಾದ ಬಯಾಸ್ ಕೊಡುವ ಇನ್ನೊಂದು ಪಟ್ಟಿ ನೋಡಿ. ‘ಎನ್‌ಎಚ್‌ಎಲ್‌ಟಿ’ ಎಂಬ ಆ ಪಟ್ಟಿಯಿಂದ ಈ ಯಂತ್ರದಲ್ಲಿ ಡಿಜಿಟಲ್ ಮೈಕು ಎಷ್ಟಿವೆ ಎಂದು ತಿಳಿಯುತ್ತದೆ. ಮೈಕು ಇದ್ದರೆ ಹಳೆಯ ಡ್ರೈವರ್ ಪ್ರೋಬ್‌ನಲ್ಲಿ ಹಿಂದೆ ಸರಿಯುತ್ತದೆ. ಡಿಜಿಟಲ್ ಮೈಕುಗಳು ಕಂಡಿವೆ, ಸೋಫ್ ಡ್ರೈವರ್ ಬಳಸುತ್ತಿದ್ದೇನೆ ಎಂದು ಕರ್ನಲ್ ದಾಖಲೆಯಲ್ಲಿ ಸಾಲೂ ಮೂಡುತ್ತದೆ. ಆಮೇಲೆ ಸೋಫ್ ಮುಂದೆ ಬಂದು ‘ಸೋಫ್-ಸಿಎಂಎಲ್’ ಎಂಬ ತನ್ನ ಫರ್ಮ್‌ವೇರ್ ಕಡತವನ್ನು ಡಿಸ್ಕಿನಲ್ಲಿ ಹುಡುಕುತ್ತದೆ. ಇನ್‌ಸ್ಟಾಲ್ ಮಾಡುವಾಗ ಆ ಪ್ಯಾಕೇಜ್ ಬಿಟ್ಟುಹೋಗಿದ್ದರೆ ಕಡತ ಸಿಗುವುದಿಲ್ಲ, ಸೋಫ್ ಕೂಡ ಕೈಬಿಡುತ್ತದೆ. ಒಬ್ಬರು ಬಿಟ್ಟುಕೊಟ್ಟರು, ಇನ್ನೊಬ್ಬರಿಗೆ ಆಗಲಿಲ್ಲ. ಉಳಿದದ್ದು ಡಮ್ಮಿ ಔಟ್‌ಪುಟ್.

ಮದ್ದು ಸುಲಭ. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಸೋಫ್-ಸೈನ್ಡ್’ ಎಂಬ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಕು. ಡೆಬಿಯನ್ ಬಹುಕಾಲ ಇಂಥ ಫರ್ಮ್‌ವೇರನ್ನು ಮುಖ್ಯ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಒಳಗೆ ಸೇರಿಸಿಕೊಂಡಿತು. ಹಳೆಯ ಪೆನ್‌ಡ್ರೈವಿನಲ್ಲಿ ಹಳೆಯ ಆವೃತ್ತಿ ಇಟ್ಟುಕೊಂಡು ಎಲ್ಲರ ಯಂತ್ರಕ್ಕೂ ಅದನ್ನೇ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ಹಳೆಯ ಡ್ರೈವರನ್ನೇ ಬಲವಂತವಾಗಿ ಬಳಸುವ ದಾರಿಯೂ ಇದೆ. ಸ್ಪೀಕರ್ ಬರುತ್ತದೆ, ಆದರೆ ಒಳಗಿನ ಮೈಕ್ ಹೋಗುತ್ತದೆ. ಆನ್‌ಲೈನ್ ಪಾಠ ಕೇಳುವ ಮಕ್ಕಳಿರುವ ಮನೆಯಲ್ಲಿ ಅದು ಪರಿಹಾರವೆನಿಸಿಕೊಳ್ಳದು.

ಹಸಿರಿಗೆ 4, ಗುಲಾಬಿಗೆ 9

ಡ್ರೈವರ್ ಸಿಕ್ಕಿತು, ಸೆಟ್ಟಿಂಗ್ಸ್‌ನಲ್ಲಿ ಹೆಸರೂ ಬಂತು, ಆದರೂ ಸ್ಪೀಕರ್ ಮೌನ. ಹೆಡ್‌ಫೋನ್ ಮಾತ್ರ ಮಾತಾಡುತ್ತದೆ. ಇದು ಬೇರೆಯೇ ಬಗೆಯ ತೊಡಕು. ಹೆಚ್ಚಿನವರು ಇದನ್ನೂ ಮೊದಲಿನದನ್ನೂ ಒಂದೇ ಎಂದುಕೊಳ್ಳುತ್ತಾರೆ.

8086:02ಸಿ8 ಎಂಬುದು ಸದ್ದನ್ನು ಅಂಕಿಗಳ ರೂಪದಲ್ಲಿ ಹೊತ್ತೊಯ್ಯುವ ನಿಯಂತ್ರಕ. ಅಂಕಿಗಳನ್ನು ವಿದ್ಯುತ್ ಅಲೆಯಾಗಿಸಿ ಸ್ಪೀಕರಿಗೆ ಕಳಿಸುವ ಕೋಡೆಕ್ ಎಂಬ ಚಿಪ್ ಬೇರೆ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದು ತೈವಾನಿನ ರಿಯಲ್‌ಟೆಕ್ ಕಂಪನಿಯದು. ನಿಯಂತ್ರಕದ ಡ್ರೈವರ್ ಎದ್ದ ಮೇಲೆ ತನ್ನ ತಂತಿಯ ಆಚೆ ಯಾರಿದ್ದೀರೆಂದು ಕೇಳುತ್ತದೆ, ಕೋಡೆಕ್ ತನ್ನ ಸಂಖ್ಯೆ ಹೇಳುತ್ತದೆ, ಅದಕ್ಕೆ ಹೊಂದುವ ಎರಡನೆಯ ಡ್ರೈವರ್ ಬರುತ್ತದೆ. ಪಟ್ಟಿ ನೋಡುವ ಕೆಲಸ ಎರಡು ಸಲ.

ಕೋಡೆಕ್ ಚಿಪ್ಪಿಗೆ ಹಲವು ಪಿನ್ನುಗಳಿವೆ. ಯಾವ ಪಿನ್ನಿಗೆ ಸ್ಪೀಕರ್ ಬೆಸೆದಿದ್ದಾರೆ, ಯಾವುದಕ್ಕೆ ಹೆಡ್‌ಫೋನ್ ಜ್ಯಾಕ್, ಯಾವುದನ್ನು ಖಾಲಿ ಬಿಟ್ಟಿದ್ದಾರೆ ಎಂಬುದು ಚಿಪ್ ಮಾಡಿದವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅದು ಬೋರ್ಡ್ ವಿನ್ಯಾಸ ಮಾಡಿದವರಿಗೆ ಗೊತ್ತು. ಹಾಗಾಗಿ ಎಚ್‌ಡಿಎ ಪದ್ಧತಿಯಲ್ಲಿ ಪ್ರತಿ ಪಿನ್ನಿಗೂ 32 ಬಿಟ್‌ಗಳ ಒಂದು ವಿವರವಿರುತ್ತದೆ, ಅದನ್ನು ಬಯಾಸ್ ತುಂಬಬೇಕು. ಪಿನ್ನಿನ ಆಚೆ ತುದಿಯಲ್ಲಿ ಜ್ಯಾಕ್ ಇದೆಯೋ, ಒಳಗೇ ಬೆಸೆದ ಸಾಧನವೋ, ಖಾಲಿಯೋ ಎಂದು ಎರಡು ಬಿಟ್. ಪೆಟ್ಟಿಗೆಯ ಯಾವ ಬದಿ ಎಂದು ಆರು. ಏನು ಸಾಧನ ಎಂದು ನಾಲ್ಕು: ಸ್ಪೀಕರಾದರೆ 1, ಹೆಡ್‌ಫೋನಾದರೆ 2. ಜ್ಯಾಕಿನ ಬಣ್ಣಕ್ಕೂ ನಾಲ್ಕು ಬಿಟ್ ಮೀಸಲು: ಹಸಿರಿಗೆ 4, ಗುಲಾಬಿಗೆ 9. ಡೆಸ್ಕ್‌ಟಾಪಿನ ಹಿಂಬದಿಯ ಜ್ಯಾಕುಗಳನ್ನು ಲಿನಕ್ಸ್ ಗುರುತಿಡುವುದಕ್ಕೆ ನೆರವಾಗುವುದು ಈ ವಿವರ.

ಬಯಾಸ್ ಬರೆದವರು ಸ್ಪೀಕರಿನ ಪಿನ್ನನ್ನು ಖಾಲಿ ಎಂದು ತುಂಬಿಬಿಟ್ಟರೆ? ಲಿನಕ್ಸ್ ಅದನ್ನು ನಂಬುತ್ತದೆ, ಆ ಪಿನ್ನಿನ ಕಡೆ ಸದ್ದು ಕಳಿಸುವುದಿಲ್ಲ. ವಿಂಡೋಸಿನಲ್ಲಿ ಈ ತಪ್ಪು ಹೊರಗೆ ಕಾಣದಿರಲು ಕಾರಣವಿದೆ. ಲ್ಯಾಪ್‌ಟಾಪ್ ಕಂಪನಿ ತನ್ನ ಮಾದರಿಗೆಂದೇ ಹೊಂದಿಸಿದ ಡ್ರೈವರ್ ಕೊಡುತ್ತದೆ, ಸರಿಯಾದ ವಿವರ ಅದರೊಳಗೆ ಇರುತ್ತದೆ. ಬಯಾಸ್‌ನಲ್ಲಿ ಏನಿದ್ದರೂ ಪರೀಕ್ಷೆಯಲ್ಲಿ ಸದ್ದು ಬಂತು, ಮಾಲು ಹೊರಟಿತು.

ಲಿನಕ್ಸಿನವರು ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಗೌರವ ಹುಟ್ಟಿಸುವಂಥದು. ಪಿಸಿಐ ದಾಖಲೆಯಲ್ಲಿ ಚಿಪ್ಪಿನ ಸಂಖ್ಯೆಯ ಜೊತೆಗೆ ಬೋರ್ಡ್ ಮಾಡಿದವರ ಸಂಖ್ಯೆಯೂ ಇರುತ್ತದೆ: ಡೆಲ್ ಆದರೆ 1028, ಲೆನೊವೊ ಆದರೆ 17ಎಎ, ಏಸರ್ ಆದರೆ 1025, ಅದರ ಮುಂದೆ ಮಾದರಿಯ ಸಂಖ್ಯೆ. ರಿಯಲ್‌ಟೆಕ್ ಡ್ರೈವರಿನಲ್ಲಿ ಈ ಜೋಡಿ ಸಂಖ್ಯೆಗಳ ಒಂದು ತಿದ್ದುಪಡಿ ಪಟ್ಟಿಯಿದೆ. ಈ ಮಾದರಿಯಲ್ಲಿ ಇಂಥ ಪಿನ್ ಖಾಲಿಯಲ್ಲ, ಸ್ಪೀಕರ್. ಆ ಮಾದರಿಯಲ್ಲಿ ಆಂಪ್ಲಿಫೈಯರನ್ನು ಬೇರೆಯಾಗಿ ಎಬ್ಬಿಸಬೇಕು. ಮತ್ತೊಂದರಲ್ಲಿ ಮ್ಯೂಟ್ ಬಟನ್ನಿನ ದೀಪ ಇಂಥ ಕಡೆ ಇದೆ. ಹೀಗೆ ನೂರಾರು ಸಾಲು. ಜರ್ಮನಿ ಮೂಲದ ಸೂಸೆ ಕಂಪನಿಯ ತಕಾಶಿ ಇವಾಯ್ ವರ್ಷಗಳಿಂದ ಈ ಧ್ವನಿ ವಿಭಾಗದ ಉಸ್ತುವಾರಿ ಹೊತ್ತಿದ್ದಾರೆ. ಪಟ್ಟಿಯ ಎಷ್ಟೋ ಸಾಲುಗಳ ಹಿಂದೆ, ತನ್ನ ಲ್ಯಾಪ್‌ಟಾಪಿನಲ್ಲಿ ಸದ್ದು ಬರುತ್ತಿಲ್ಲವೆಂದು ಸಂಖ್ಯೆ ಸಮೇತ ಬರೆದು ಕಳಿಸಿದ ಯಾರೋ ಒಬ್ಬ ಬಳಕೆದಾರರಿದ್ದಾರೆ. ಒಬ್ಬರ ದೂರಿನಿಂದ ಆ ಮಾದರಿಯ ಲ್ಯಾಪ್‌ಟಾಪ್ ಇರುವ ಎಲ್ಲರಿಗೂ ಮುಂದಿನ ಕರ್ನಲ್‌ನಲ್ಲಿ ಸದ್ದು ಬರುತ್ತದೆ.

ಚಲನ್ ಇಲ್ಲದೆ ಬಂದ ಚಿಪ್

ಇಲ್ಲಿಯವರೆಗಿನ ಸಾಧನಗಳಿಗೆಲ್ಲ ಹೇಳಿಕೊಳ್ಳಲು ಒಂದು ಸಂಖ್ಯೆಯಾದರೂ ಇತ್ತು. ಬೆಂಗಳೂರಿನ ಎಂಜಿನಿಯರುಗಳು ಹೆಚ್ಚು ಕೈಯಾಡಿಸಿರುವುದು ಅದೂ ಇಲ್ಲದ ಕಡೆ: ಮೊಬೈಲು, ಸೆಟ್‌ಟಾಪ್ ಬಾಕ್ಸು, ಯಂತ್ರಗಳ ನಿಯಂತ್ರಣ ಪೆಟ್ಟಿಗೆಗಳೊಳಗಿನ ಪುಟ್ಟ ಬೋರ್ಡುಗಳಲ್ಲಿ.

ಊರಿನ ಹಳೆಯ ಉದಾಹರಣೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ರೂಪಿಸಿದ, 2001ರಲ್ಲಿ ಸುದ್ದಿಯಾದ ಕೈಗಂಪ್ಯೂಟರ್. ಒಳಗಿದ್ದದ್ದು ಲಿನಕ್ಸ್. ಓದು ಬಾರದವರಿಗೂ ಕಂಪ್ಯೂಟರ್ ದಕ್ಕಬೇಕೆಂಬ ಆಸೆಯಿಂದ ಹುಟ್ಟಿದ್ದರಿಂದ ಮಾತಾಡುವುದು ಅದಕ್ಕೆ ಅಲಂಕಾರವಾಗಿರಲಿಲ್ಲ, ಮೂಲ ಉದ್ದೇಶವೇ ಆಗಿತ್ತು. ರಮೇಶ್ ಹರಿಹರನ್ ಆರಂಭಿಸಿದ ‘ಧ್ವನಿ’ ಎಂಬ ತಂತ್ರಾಂಶ ಬರಹವನ್ನು ಕನ್ನಡದಲ್ಲೂ ಓದಿ ಹೇಳುತ್ತಿತ್ತು. ಪೀಣ್ಯಕ್ಕೆ ಹತ್ತಿರದ ಜಾಲಹಳ್ಳಿಯಲ್ಲಿ ನೆಲೆಯಿರುವ ಬಿಇಎಲ್ 2004ರಲ್ಲಿ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರ್ ತಯಾರಿಸಿತು. ಇಂಥ ಯಂತ್ರದಲ್ಲಿ ಪಿಸಿಐ ಮಾರ್ಗವಿಲ್ಲ. ಪ್ರೊಸೆಸರಿಗೂ ಧ್ವನಿಯ ಚಿಪ್ಪಿಗೂ ನಡುವೆ ಬೋರ್ಡಿನ ಮೇಲೆ ಬೆಸೆದ ಕೆಲವು ಗೆರೆಗಳು, ಅಷ್ಟೆ.

ಆ ಗೆರೆಗಳ ಸ್ವಭಾವ ತಿಳಿದರೆ ಸಮಸ್ಯೆ ತಿಳಿಯುತ್ತದೆ. ಸದ್ದು ಸಾಗುವುದು ಸಾಮಾನ್ಯವಾಗಿ ಫಿಲಿಪ್ಸ್ 1986ರಲ್ಲಿ ರೂಪಿಸಿದ ‘ಐ2ಎಸ್’ ಎಂಬ ಜೋಡಣೆಯಲ್ಲಿ. ಅದರಲ್ಲಿ ಮೂರು ತಂತಿ: ಒಂದು ತಾಳ ಹಾಕುತ್ತದೆ, ಒಂದು ಈಗ ಎಡಗಿವಿಯದೋ ಬಲಗಿವಿಯದೋ ಎಂದು ಹೇಳುತ್ತದೆ, ಇನ್ನೊಂದರಲ್ಲಿ ಅಂಕಿಗಳು. ‘ನೀನು ಯಾರು’ ಎಂದು ಕೇಳಲು ಅಲ್ಲಿ ದಾರಿಯೇ ಇಲ್ಲ. ದನಿ ಏರಿಸು ಇಳಿಸು ಎಂದು ಆದೇಶ ಕೊಡಲು ‘ಐ2ಸಿ’ ಎಂಬ ಬೇರೆ ಎರಡು ತಂತಿ ಇರುತ್ತವೆ. ಅಲ್ಲಿ ವಿಳಾಸವುಂಟು. 18ನೆಯ ವಿಳಾಸಕ್ಕೆ ಕರೆದರೆ ಯಾರೋ ‘ಹೂಂ’ ಎನ್ನುತ್ತಾರೆ. ಯಾರೆಂದು ಹೇಳುವುದಿಲ್ಲ. ಅದೇ 18ರಲ್ಲಿ ಒಂದು ಬೋರ್ಡಿನಲ್ಲಿ ಕೋಡೆಕ್ ಇರಬಹುದು, ಇನ್ನೊಂದರಲ್ಲಿ ಉಷ್ಣಮಾಪಕ ಇರಬಹುದು. ಚಲನ್ ಇಲ್ಲದೆ ಸ್ಟೋರಿಗೆ ಬಂದ ಡಬ್ಬದ ಪಾಡು ಇದು. ಡ್ರಾಯಿಂಗ್ ತರಿಸಿ ನೋಡದೆ ಗತ್ಯಂತರವಿಲ್ಲ.

ಇಂಥ ಬೋರ್ಡುಗಳಿಗೆ ಪ್ರೊಸೆಸರ್ ಮಾಡುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ. ಲಿನಕ್ಸ್ ಕರ್ನಲ್‌ನ ಧ್ವನಿ ವಿಭಾಗದಲ್ಲಿ ‘ದಾವಿಂಚಿ ಮ್ಯಾಕ್‌ಆಸ್ಪ್’ ಎಂಬ ಡ್ರೈವರ್ ಕಡತವಿದೆ. ಟೆಕ್ಸಾಸಿನವರ ಪ್ರೊಸೆಸರುಗಳಲ್ಲಿ ಹಲವು ಚಾನೆಲುಗಳ ಸದ್ದನ್ನು ಒಟ್ಟಿಗೆ ಸಾಗಿಸುವ ಭಾಗವನ್ನು ನಡೆಸುವುದು ಅದರ ಕೆಲಸ. ಕಡತದ ತಲೆಯ ಹಕ್ಕುಸ್ವಾಮ್ಯದ ಸಾಲುಗಳಲ್ಲಿ ಮೊಂಟಾವಿಸ್ಟಾ ಕಂಪನಿಯ ಹೆಸರಿನ ಜೊತೆಗೆ ‘2009, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಇಂಡಿಯಾ’ ಎಂದಿದೆ. ಜಗತ್ತಿನ ಯಾವ ಮೂಲೆಯಲ್ಲಿ ಕರ್ನಲ್ ಡೌನ್‌ಲೋಡ್ ಮಾಡಿದರೂ ಆ ಸಾಲು ಅದರೊಂದಿಗೆ ಹೋಗುತ್ತದೆ.

ಆ ಪ್ರೊಸೆಸರುಗಳ ಪ್ರಯೋಗ ಬೋರ್ಡೊಂದರ ಹೆಸರು ಡಿಎ850 ಇವಿಎಂ. ಮೊದಮೊದಲು ಅದರ ನಕ್ಷೆಯನ್ನು ಕರ್ನಲ್‌ನೊಳಗೇ ಸಿ ಭಾಷೆಯಲ್ಲಿ ಬರೆದಿದ್ದರು: ಐ2ಸಿ ತಂತಿಯ 18ನೆಯ ವಿಳಾಸದಲ್ಲಿ ಟಿಎಲ್‌ವಿ320 ಜಾತಿಯ ಕೋಡೆಕ್ ಇದೆ ಎಂದು. ಹೀಗೆ ಪ್ರತಿ ಬೋರ್ಡಿಗೂ ಒಂದೊಂದು ಕಡತ ಸೇರಿ ಸೇರಿ ಕರ್ನಲ್ ಉಬ್ಬಿತು. 2011ರಲ್ಲಿ ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಈ ರಾಶಿಯ ಬಗ್ಗೆ ಖಾರವಾಗಿ ಆಕ್ಷೇಪಿಸಿದ ಮೇಲೆ ಇಂಥ ಬೋರ್ಡುಗಳಲ್ಲಿರುವ ಆರ್ಮ್ ಪ್ರೊಸೆಸರುಗಳ ಲೋಕ ‘ಡಿವೈಸ್ ಟ್ರೀ’ಗೆ ಹೊರಳಿತು. ನಾನು ಅದನ್ನು ಸಾಧನನಕ್ಷೆ ಎನ್ನುತ್ತೇನೆ. ಬೋರ್ಡಿನಲ್ಲಿ ಏನೇನು ಎಲ್ಲೆಲ್ಲಿ ಬೆಸೆದಿದೆ ಎಂದು ಬರೆದ ಪ್ರತ್ಯೇಕ ಕಡತ. ಕಂಪ್ಯೂಟರ್ ಶುರುವಾಗುವಾಗ ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಅದನ್ನು ಕರ್ನಲ್‌ನ ಕೈಗಿಡುತ್ತದೆ.

ಡಿಎ850ರ ಸಾಧನನಕ್ಷೆಯಲ್ಲಿ ಕೋಡೆಕ್‌ನ ಜಾಗಕ್ಕೆ ಬಂದರೆ ಮುಖ್ಯವಾದ ಸಾಲು ಎರಡೇ. ಹೊಂದುವ ಹೆಸರು: ‘ಟಿಐ, ಟಿಎಲ್‌ವಿ320ಎಐಸಿ3106’. ವಿಳಾಸ: 18. ಲ್ಯಾಪ್‌ಟಾಪಿನಲ್ಲಿ 8086:02ಸಿ8 ಮಾಡಿದ ಕೆಲಸವನ್ನೇ ಇಲ್ಲಿ ಆ ಹೆಸರು ಮಾಡುತ್ತದೆ. ಡ್ರೈವರಿನ ಪಟ್ಟಿಯಲ್ಲೂ ಅದೇ ಹೆಸರಿದೆ. ಅಕ್ಷರಕ್ಕೆ ಅಕ್ಷರ ಹೊಂದಿದರೆ ಡ್ರೈವರ್ ಬರುತ್ತದೆ. ಒಂದು ಅಕ್ಷರ ತಪ್ಪಿದರೂ ಬೋರ್ಡ್ ಮೂಕ. ಹಾರ್ಡ್‌ವೇರಿನಲ್ಲಿ ದೋಷವೇ ಇಲ್ಲದೆ ಹೊಸ ಬೋರ್ಡಿನಲ್ಲಿ ಸದ್ದು ಬಾರದಿದ್ದಾಗ ಅನುಭವಿಗಳು ಮೊದಲು ತೆರೆದು ನೋಡುವ ಸಾಲು ಇದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಇಂಥ ಬೋರ್ಡಿನಲ್ಲಿ ಸೌಂಡ್ ಕಾರ್ಡ್ ಎಂಬ ಒಂದು ವಸ್ತು ಎಲ್ಲೂ ಇಲ್ಲ. ಪ್ರೊಸೆಸರಿನ ಕಡೆಯ ಡ್ರೈವರ್, ಕೋಡೆಕ್‌ನ ಡ್ರೈವರ್, ಇವೆರಡನ್ನೂ ಹೇಗೆ ಬೆಸೆದಿದೆ ಎಂದು ಬಲ್ಲ ಮೂರನೆಯ ಡ್ರೈವರ್ ಒಟ್ಟುಗೂಡಿದಾಗಲೇ ಕಾರ್ಡ್ ಹುಟ್ಟುವುದು. ಯಾವುದು ಮೊದಲು ಏಳುತ್ತದೆಂದು ಹೇಳಲಾಗದು. ಕೋಡೆಕ್ ಇನ್ನೂ ಬಂದಿಲ್ಲವೆಂದರೆ ಮೂರನೆಯ ಡ್ರೈವರ್ ‘ಸೋತೆ’ ಎನ್ನದೆ ‘ಆಮೇಲೆ ಕರೆಯಿರಿ’ ಎಂದು 517 ಎಂಬ ಸಂಕೇತ ಕೊಟ್ಟು ಹಿಂದಿರುಗುತ್ತದೆ. ಇನ್ನೊಂದು ಡ್ರೈವರ್ ಯಶಸ್ವಿಯಾಗಿ ಎದ್ದಾಗಲೆಲ್ಲ ಕರ್ನಲ್ ಕಾದಿರುವವರನ್ನು ಮತ್ತೆ ಕರೆಯುತ್ತದೆ. 2012ರಲ್ಲಿ ಬಂದ ಈ ಏರ್ಪಾಡು ಗೊತ್ತಿಲ್ಲದೆ ದಾಖಲೆಯಲ್ಲಿ 517 ಕಂಡು ಹೆದರುವ ಹೊಸಬರಿದ್ದಾರೆ. ಒಮ್ಮೆ ಕಂಡರೆ ಚಿಂತೆಯಿಲ್ಲ. ಕೊನೆಯವರೆಗೂ ಕಾಯುತ್ತಲೇ ಉಳಿದಿದ್ದರೆ, ಆ ಮೂವರಲ್ಲಿ ಯಾರೋ ಒಬ್ಬರು ಬಂದೇ ಇಲ್ಲ ಎಂದರ್ಥ.

ಎಡ ಯಾವುದು, ಬಲ ಯಾವುದು

ಮೂಕ ತಂತಿಗಳಿಗೆ ಬಾಯಿ ಕೊಡುವ ಪ್ರಯತ್ನವೂ ನಡೆದಿದೆ. ‘ಸೌಂಡ್‌ವೈರ್’ ಎಂಬ ಹೊಸ ಜೋಡಣೆಯಲ್ಲಿ ತಾಳಕ್ಕೊಂದು, ಅಂಕಿಗಳಿಗೊಂದು ತಂತಿ; ಒಂದೇ ಜೋಡಿಗೆ 11 ಚಿಪ್‌ಗಳವರೆಗೆ ತೂಗಿಸಬಹುದು. ಪ್ರತಿ ಚಿಪ್ಪಿಗೂ 48 ಬಿಟ್‌ಗಳ ಗುರುತುಸಂಖ್ಯೆ ಇದೆ, ತಯಾರಕರೂ ಮಾದರಿಯೂ ಅದರಲ್ಲಿ ಅಡಕ. ಲಿನಕ್ಸಿಗೆ ಇದರ ಬೆಂಬಲ ಸೇರಿದ್ದು 2018ರ 4.16ನೇ ಆವೃತ್ತಿಯಲ್ಲಿ. ಆ ಕೆಲಸವನ್ನು ಇಂಟೆಲ್‌ನಲ್ಲಿದ್ದಾಗ ಮುನ್ನಡೆಸಿದ ವಿನೋದ್ ಕೌಲ್ ಕರ್ನಲ್‌ನ ಸೌಂಡ್‌ವೈರ್ ವಿಭಾಗದ ಉಸ್ತುವಾರಿಯಾಗಿದ್ದಾರೆ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರಿಗೆ ಸದ್ದು ಹೋಗುವುದು ಈ ದಾರಿಯಲ್ಲೇ.

ಅಲ್ಲೂ ಸಂಖ್ಯೆಗೆ ಒಂದು ಮಿತಿಯಿದೆ. ಲ್ಯಾಪ್‌ಟಾಪಿನಲ್ಲಿ ಒಂದೇ ಮಾದರಿಯ ಎರಡು ಆಂಪ್ಲಿಫೈಯರುಗಳಿದ್ದರೆ ಗುರುತುಸಂಖ್ಯೆಯ ಒಂದು ಭಾಗ ಅವು ಬೇರೆ ಬೇರೆ ಎಂದು ಹೇಳುತ್ತದೆ. ಎಡಗಡೆಯ ಸ್ಪೀಕರಿಗೆ ಬೆಸೆದದ್ದು ಯಾವುದೆಂದು ಹೇಳುವುದಿಲ್ಲ. ಅದನ್ನು ಮತ್ತೆ ಮಾದರಿವಾರು ಪಟ್ಟಿಯಲ್ಲೇ ಬರೆಯಬೇಕು. ಪಟ್ಟಿ ಅದಲುಬದಲಾಗಿದ್ದರೆ ಸಿನಿಮಾದಲ್ಲಿ ಬಲಗಡೆಯಿಂದ ಬರುವ ಬಸ್ಸಿನ ಸದ್ದು ಎಡಗಡೆ ಕೇಳುತ್ತದೆ. ಇದು ಗೊತ್ತಾಗುವುದು ಆ ಲ್ಯಾಪ್‌ಟಾಪ್ ಎದುರಿಗಿಟ್ಟುಕೊಂಡವರಿಗೆ ಮಾತ್ರ. ಅವರು ‘ಸ್ಪೀಕರ್-ಟೆಸ್ಟ್’ ಎಂಬ ಆದೇಶ ಕೊಟ್ಟು ಎರಡೂ ಕಡೆಯ ಸದ್ದು ಕೇಳಿ ನೋಡಬಹುದು. ‘ಆಲ್ಸಾ-ಇನ್ಫೊ’ ಎಂಬ ಇನ್ನೊಂದು ಆದೇಶ ಕೊಟ್ಟರೆ ಯಂತ್ರದಲ್ಲಿರುವ ಧ್ವನಿ ಸಾಧನಗಳ ಗುರುತುಸಂಖ್ಯೆಗಳು, ಪಿನ್ನುಗಳ ವಿವರ, ಎದ್ದಿರುವ ಡ್ರೈವರುಗಳ ಹೆಸರು ಎಲ್ಲ ಒಂದೇ ಕಡತದಲ್ಲಿ ಸಿಗುತ್ತವೆ. ಆ ಕಡತದ ಜೊತೆಗೆ ಎಡ ಬಲ ಅದಲುಬದಲಾಗಿದೆ ಎಂದು ಒಂದು ಸಾಲು ಬರೆದು ಕಳಿಸಿದರೆ, ಪಟ್ಟಿಯಲ್ಲಿ ಯಾವುದನ್ನು ತಿದ್ದಬೇಕೆಂದು ಕರ್ನಲ್‌ನವರಿಗೆ ತಿಳಿಯುತ್ತದೆ.